‘ಕ್ಯಾಚ್ ಎ ಫೈರ್’: ಒಂದು ಧ್ವನಿಮುದ್ರಿಕೆಯ ಪಾಠವಿಚಾರ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರ, ಪ್ರಕ್ಷೇಪ, ಕರ್ತೃತ್ವ ಎಂಬ ಮೂರು ಪ್ರಶ್ನೆಗಳು ನಿತ್ಯವೂ ಎದುರಾಗತಕ್ಕವು. ಇವು ಓಲೆಯ ಗರಿಗಳಿಗೂ ಕಡತಗಳಿಗೂ ಮಾತ್ರ ಸಂಬಂಧಪಟ್ಟವೆಂದು ತಿಳಿಯುವುದು ವಾಡಿಕೆ. ಯಂತ್ರವು ಹಿಡಿದಿಟ್ಟ ಧ್ವನಿಯಲ್ಲಿ ಲಿಪಿಕಾರನ ಕೈತಪ್ಪಿಗೆ ಎಡೆಯಿಲ್ಲ. ಹಾಡಿದವನು ಹಾಡಿದಂತೆಯೇ ಕೇಳುವವನ ಕಿವಿಗೆ ಬರುವುದು. ಹೀಗಿರಲು ಅಲ್ಲಿ ಪಾಠಶೋಧನೆಗೆ ಕೆಲಸವೇನು ಎಂದು ಕೇಳಬಹುದು. ಈ ಊಹೆ ನಿಲ್ಲತಕ್ಕದ್ದಲ್ಲವೆಂಬುದಕ್ಕೆ ಜಮೈಕಾ ದ್ವೀಪದ ‘ವೇಲರ್ಸ್’ ಎಂಬ ಗಾಯಕಮಂಡಲಿಯ ‘ಕ್ಯಾಚ್ ಎ ಫೈರ್’ ಎಂಬ ಧ್ವನಿಮುದ್ರಿಕೆಯು ಒಳ್ಳೆಯ ನಿದರ್ಶನವಾಗಿದೆ. ರೆಗೆ ಎಂಬ ಸಂಗೀತವು ತನ್ನ ದ್ವೀಪವನ್ನು ದಾಟಿ ಲೋಕದಲ್ಲೆಲ್ಲ ಹಬ್ಬುವುದಕ್ಕೆ ದಾರಿಮಾಡಿಕೊಟ್ಟ ಕೃತಿಗಳಲ್ಲಿ ಇದು ಅಗ್ರಗಣ್ಯವಾದುದು. ಇದಕ್ಕೆ ಎರಡು ಪಾಠಗಳುಂಟು. ಜಮೈಕಾದ ರಾಜಧಾನಿಯಾದ ಕಿಂಗ್‌ಸ್ಟನ್ನಿನಲ್ಲಿ ಸಿದ್ಧವಾದುದು ಒಂದು. ಅದನ್ನು ಲಂಡನ್ನಿನಲ್ಲಿ ತಿದ್ದಿ ಕೂಡಿಸಿದುದು ಇನ್ನೊಂದು. ಎರಡನೆಯದು 1973ರಲ್ಲಿ ಪ್ರಕಟವಾಯಿತು. ಮೊದಲನೆಯದು ಸಮಗ್ರವಾಗಿ ಹೊರಬಿದ್ದುದು 2001ರಲ್ಲಿ. ಎಂದರೆ, 28 ವರ್ಷಗಳ ಕಾಲ ಲೋಕವು ತಿದ್ದಿದ ಪಾಠವನ್ನೇ ಮೂಲವೆಂದು ಕೇಳಿಕೊಂಡು ಬಂದಿತು. ಇವುಗಳಲ್ಲಿ ಪ್ರಮಾಣವಾದುದು ಯಾವುದು? ಕೃತಿಯ ಕರ್ತೃಗಳು ಯಾರು? ನಿಜವಾದ ಪ್ರಕ್ಷೇಪವು ಎಲ್ಲಿದೆ? ಇವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1. ದೇಶಕಾಲಗಳು

ಜಮೈಕಾ ದ್ವೀಪಕ್ಕೆ ಕೊಲಂಬಸನು 1494ರಲ್ಲಿ ಬಂದನು. ಸ್ಪೇನಿನವರ ವಶದಲ್ಲಿದ್ದ ಆ ನೆಲವು 1655ರಲ್ಲಿ ಇಂಗ್ಲಿಷರ ಕೈಸೇರಿತು. ಕಬ್ಬಿನ ತೋಟಗಳ ದುಡಿಮೆಗಾಗಿ ಆಫ್ರಿಕ ಖಂಡದಿಂದ ಲಕ್ಷಾಂತರ ಜನರನ್ನು ಹಿಡಿದು ತಂದು ದಾಸ್ಯಕ್ಕೆ ದೂಡಿದರು. ದಾಸ್ಯವು 1834ರಲ್ಲಿ ಕಾಯಿದೆಯಿಂದ ರದ್ದಾಯಿತು. ಆದರೆ ಹಳೆಯ ಒಡೆಯರ ಬಳಿಯಲ್ಲಿಯೇ ಕಡ್ಡಾಯವಾಗಿ ದುಡಿಯಬೇಕೆಂಬ ಕಟ್ಟು ಬಿಟ್ಟುದು 1838ರಲ್ಲಿ. ದ್ವೀಪವು ಸ್ವತಂತ್ರವಾದುದು 1962ನೆಯ ಆಗಸ್ಟ್ 6ರಂದು. ಸ್ವಾತಂತ್ರ್ಯವು ಬಂದಿತು, ಹಳ್ಳಿಗಳನ್ನು ಬಿಟ್ಟು ಹೊಟ್ಟೆಯ ಪಾಡಿಗಾಗಿ ಕಿಂಗ್‌ಸ್ಟನ್ನಿನ ಪಶ್ಚಿಮದ ಕೇರಿಗಳಿಗೆ ಬಂದು ಸೇರಿದವರ ಬಡತನವು ಹಾಗೆಯೇ ಉಳಿಯಿತು. ಈ ಕೇರಿಗಳಲ್ಲಿ ಒಂದಾದ ಟ್ರೆಂಚ್ ಟೌನ್ ಎಂಬುದೇ ವೇಲರ್ಸ್ ಮಂಡಲಿಯ ಹುಟ್ಟುನೆಲ.

ಆ ಜನರ ಸಂಗೀತದ ಬೆಳೆವಣಿಗೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. ‘ಮೆಂಟೊ’ ಎಂಬ ಹಳೆಯ ಜನಪದ ಹಾಡಿನ ಜಾಡಿನೊಡನೆ ಅಮೆರಿಕದ ನೀಗ್ರೋ ಗಾಯನದ ಪ್ರಭಾವವು ಕೂಡಿ 1960ರ ಸುಮಾರಿಗೆ ‘ಸ್ಕಾ’ ಎಂಬ ಬಿರುಸಾದ ನಡೆ ಹುಟ್ಟಿತು. 1966ರ ಹೊತ್ತಿಗೆ ಅದು ನಿಧಾನಗೊಂಡು ‘ರಾಕ್‌ಸ್ಟೆಡಿ’ ಎನಿಸಿಕೊಂಡಿತು. 1968ರಲ್ಲಿ ‘ರೆಗೆ’ ಎಂಬ ಹೆಸರು ಬಳಕೆಗೆ ಬಂದಿತು. ಈ ಸಂಗೀತವು ಬೆಳೆದುದು ಸಭಾಭವನಗಳಲ್ಲಿ ಅಲ್ಲ. ಲಾರಿಗಳ ಮೇಲೆ ಭಾರಿ ಧ್ವನಿವರ್ಧಕಗಳನ್ನು ಹೇರಿಕೊಂಡು ಬಯಲಿನಲ್ಲಿ ನಿಲ್ಲಿಸಿ, ತಟ್ಟೆಗಳನ್ನು ಹಾಕಿ ಜನರನ್ನು ಕುಣಿಸುತ್ತಿದ್ದ ‘ಸೌಂಡ್ ಸಿಸ್ಟಮ್’ ಎಂಬ ಮೇಳಗಳು ಇದನ್ನು ಪೋಷಿಸಿದುವು. ಇದರೊಡನೆ ರಾಸ್ತಫಾರಿ ಎಂಬ ಮತವೂ ಬಂದು ಕೂಡಿತು. 1930ರಲ್ಲಿ ಇಥಿಯೋಪಿಯದ ಚಕ್ರವರ್ತಿಯಾಗಿ ಪಟ್ಟವೇರಿದ ಹೈಲೆ ಸೆಲಾಸಿಯನ್ನು ದೈವವೆಂದು ಭಾವಿಸಿ, ಆಫ್ರಿಕವನ್ನೇ ತಮ್ಮ ತವರೆಂದು ನಂಬಿದವರ ಮತವದು. ಬೈಬಲ್ಲಿನ ಹಳೆಯ ಪ್ರವಾದಿಗಳ ಗಂಭೀರವಾದ ನುಡಿಯೂ ಕಿಂಗ್‌ಸ್ಟನ್ನಿನ ಬೀದಿಯ ಆಡುನುಡಿಯೂ ಒಂದೇ ಹಾಡಿನಲ್ಲಿ ಬೆರೆಯುವುದಕ್ಕೆ ಈ ಮತವೇ ಮುಖ್ಯ ಕಾರಣವೆನ್ನಬಹುದು.

2. ಮಂಡಲಿ

‘ವೇಲರ್ಸ್’ ಎಂದರೆ ಗೋಳಿಡುವವರು ಎಂದರ್ಥ. ಮಂಡಲಿಯು 1963ರಲ್ಲಿ ಕೂಡಿತು. ಮೊದಲಿಗೆ ಇದರಲ್ಲಿ ಆರು ಮಂದಿಯಿದ್ದರು. ಕೊನೆಗೆ ನಿಂತವರು ಮೂವರು. ಬಾಬ್ ಮಾರ್ಲಿಯು 1945ರಲ್ಲಿ ಸೇಂಟ್ ಆನ್ ಸೀಮೆಯ ನೈನ್ ಮೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. ಪೀಟರ್ ಟಾಷನು 1944ರಲ್ಲಿ ವೆಸ್ಟ್‌ಮೋರ್‌ಲೆಂಡ್ ಸೀಮೆಯಲ್ಲಿ ಹುಟ್ಟಿದವನು. ಇವನ ನಿಜವಾದ ಹೆಸರು ವಿನ್‌ಸ್ಟನ್ ಹ್ಯೂಬರ್ಟ್ ಮ್ಯಾಕಿನ್‌ಟಾಷ್. ಬನಿ ವೇಲರ್ ಎಂದು ಪ್ರಸಿದ್ಧನಾದ ನೆವಿಲ್ ಲಿವಿಂಗ್‌ಸ್ಟನ್ನನು 1947ರಲ್ಲಿ ಕಿಂಗ್‌ಸ್ಟನ್ನಿನಲ್ಲಿಯೇ ಹುಟ್ಟಿದನು. ಮೂವರ ಕಂಠಗಳನ್ನು ಹದಗೊಳಿಸಿ, ಒಬ್ಬನ ಸ್ವರದೊಡನೆ ಇನ್ನಿಬ್ಬರ ಸ್ವರಗಳು ಹೇಗೆ ಹೊಂದಿ ನಡೆಯಬೇಕೆಂಬುದನ್ನು ಕಲಿಸಿದ ಗುರು ಜೋ ಹಿಗ್ಸ್ ಎಂಬ ಗಾಯಕ. ಕಾಕ್ಸನ್ ಡಾಡನ ‘ಸ್ಟುಡಿಯೋ ಒನ್’ ಎಂಬ ಧ್ವನಿಮುದ್ರಣಶಾಲೆಯಲ್ಲಿ ಅವರು ಹಾಡಿದ ‘ಸಿಮ್ಮರ್ ಡೌನ್’ ಎಂಬ ಹಾಡು 1964ರಲ್ಲಿ ದ್ವೀಪದಲ್ಲೆಲ್ಲ ಹೆಸರುಮಾಡಿತು.

ಹೆಸರು ಬಂದಿತು, ಹಣವು ಬರಲಿಲ್ಲ. 1970ರಲ್ಲಿ ಇವರು ಲೀ ಪೆರಿ ಎಂಬ ವಿಲಕ್ಷಣ ಪ್ರತಿಭೆಯ ಧ್ವನಿಮುದ್ರಕನೊಡನೆ ಸೇರಿದರು. ಅವನ ವಾದ್ಯಮೇಳದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಅಣ್ಣ ಆಸ್ಟನ್ ಬ್ಯಾರೆಟ್ಟನು ಬಾಸ್ ಗಿಟಾರಿನಲ್ಲಿಯೂ ತಮ್ಮ ಕಾರ್ಲ್‌ಟನ್ ಬ್ಯಾರೆಟ್ಟನು ಡ್ರಮ್ಮಿನಲ್ಲಿಯೂ ನಿಪುಣರು. ಈ ಇಬ್ಬರು ವೇಲರ್ಸ್ ಮಂಡಲಿಗೆ ಬಂದು ಸೇರಿದುದರಿಂದ ಮೂರು ಕಂಠಗಳ ಗಾಯನಮೇಳವು ಐವರ ಪೂರ್ಣ ವಾದ್ಯಮಂಡಲಿಯಾಯಿತು. ಮುಂದಣ ಕರ್ತೃತ್ವವಿಚಾರಕ್ಕೆ ಈ ಸಂಗತಿ ಬಹಳ ಮುಖ್ಯವಾದುದು. ಏಕೆಂದರೆ ರೆಗೆಯಲ್ಲಿ ಬಾಸ್ ಮತ್ತು ಡ್ರಮ್ಮುಗಳು ಗಾಯನಕ್ಕೆ ಕೇವಲ ಪಕ್ಕವಾದ್ಯಗಳಾಗಿರುವುದಿಲ್ಲ.

3. ತಾಳಲಕ್ಷಣ

ಇದನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ನಾಲ್ಕೆಣಿಕೆಯ ಆವರ್ತದ ಮೊದಲನೆಯ ಪೆಟ್ಟು ಸಾಮಾನ್ಯವಾಗಿ ಬಲವಾದುದು. ಕೇಳುವವನ ಕಾಲು ಅಲ್ಲಿ ನೆಲಕ್ಕೆ ತಗಲುವುದು. ಕಾರ್ಲ್‌ಟನ್ ಬ್ಯಾರೆಟ್ಟನು ಪರಿಪಕ್ವಗೊಳಿಸಿದ ‘ಒನ್ ಡ್ರಾಪ್’ ಎಂಬ ನಡೆಯಲ್ಲಿ ಈ ಮೊದಲನೆಯ ಪೆಟ್ಟು ಬರಿದಾಗಿರುವುದು. ದೊಡ್ಡ ಡ್ರಮ್ಮೂ ಸಣ್ಣ ಡ್ರಮ್ಮೂ ಕೂಡಿ ಬೀಳುವುದು ಮೂರನೆಯ ಎಣಿಕೆಯ ಮೇಲೆ. ಗಿಟಾರು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಚುರುಕಾಗಿ ಕತ್ತರಿಸಿದಂತೆ ಮಿಡಿದು ಸುಮ್ಮನಾಗುವುದು. ಇವುಗಳ ನಡುವೆ ಉಳಿದ ತೆರಪಿನಲ್ಲಿ ಬಾಸ್ ತನ್ನದೇ ಆದ ಒಂದು ರಾಗಪಂಕ್ತಿಯನ್ನು ಹಾಡುವುದು. ಗಾಯಕನ ಹಾಡು ಒಂದು ಮಾತನ್ನು ಹೇಳಿದರೆ ಬಾಸ್ ಅದಕ್ಕೆ ಮರುಮಾತನ್ನು ಹೇಳುವುದು. ಹಲವು ಹಾಡುಗಳಲ್ಲಿ ಹಾಡಿನ ಪದಗಳನ್ನು ಮರೆತವನಿಗೂ ಬಾಸಿನ ಪಂಕ್ತಿಯು ನೆನಪಿನಲ್ಲಿ ನಿಂತಿರುತ್ತದೆ.

ಆದಕಾರಣ ರೆಗೆಯ ಒಂದು ಹಾಡನ್ನು ಪದ, ಮಟ್ಟು ಎಂದು ಎರಡೇ ಭಾಗಗಳಾಗಿ ಒಡೆದು, ಇವೆರಡನ್ನು ಮಾಡಿದವನೇ ಕರ್ತೃವೆಂದು ಹೇಳಿದರೆ ಲಕ್ಷಣಕ್ಕೆ ಅವ್ಯಾಪ್ತಿದೋಷವು ತಗಲುವುದು. ‘ರಿದಿಮ್’ ಎಂದು ಜಮೈಕಾದವರು ಕರೆಯುವ ಬಾಸ್-ಡ್ರಮ್ಮುಗಳ ಕಟ್ಟು ಅದರ ಮೂರನೆಯ ಅಂಗ. ಅದಿಲ್ಲದೆ ಉಳಿದೆರಡು ಅಂಗಗಳು ನಿಲ್ಲಲಾರವು. ಪಾಶ್ಚಾತ್ಯರ ಕೃತಿಸ್ವಾಮ್ಯದ ಕಾಯಿದೆಯು ಮೊದಲೆರಡನ್ನು ಕಾಣುವಷ್ಟು ಸುಲಭವಾಗಿ ಈ ಮೂರನೆಯದನ್ನು ಕಾಣಲಿಲ್ಲ. ಆ ಕಾಣದಿರುವಿಕೆಯಿಂದ ಒದಗಿದ ಫಲವನ್ನು ಮುಂದೆ ನೋಡುವೆವು.

4. ಕಿಂಗ್‌ಸ್ಟನ್ ಪಾಠ

1972ರಲ್ಲಿ ಮಂಡಲಿಯು ಅಮೆರಿಕದ ಗಾಯಕ ಜಾನಿ ನ್ಯಾಷನ ಸಂಗಡ ಇಂಗ್ಲೆಂಡಿನಲ್ಲಿತ್ತು. ಮಾರ್ಲಿಯ ‘ಸ್ಟರ್ ಇಟ್ ಅಪ್’ ಎಂಬ ಹಾಡನ್ನು ನ್ಯಾಷನು ತಾನೇ ಹಾಡಿ ಅದೇ ವರ್ಷ ಕೀರ್ತಿಯನ್ನು ಪಡೆದನು. ಮಂಡಲಿಯವರಿಗಾದರೋ ಊರಿಗೆ ಹಿಂದಿರುಗಲು ದಾರಿಯ ಖರ್ಚಿಗೂ ತೊಡಕಾಯಿತು. ಆಗ ಅವರು ಲಂಡನ್ನಿನ ಐಲೆಂಡ್ ರೆಕಾರ್ಡ್ಸ್ ಎಂಬ ಸಂಸ್ಥೆಯ ಸ್ಥಾಪಕ ಕ್ರಿಸ್ ಬ್ಲ್ಯಾಕ್‌ವೆಲ್ಲನನ್ನು ಕಂಡರು. ಇವನು ಜಮೈಕಾದಲ್ಲಿ ಬೆಳೆದ ಬಿಳಿಯ. 1959ರಲ್ಲಿ ಆ ಸಂಸ್ಥೆಯನ್ನು ಅಲ್ಲಿಯೇ ತೊಡಗಿ, ಅನಂತರ ಲಂಡನ್ನಿಗೆ ಸಾಗಿಸಿದವನು. ಬಿಡಿ ಹಾಡುಗಳ ಸಣ್ಣ ತಟ್ಟೆಗಳಿಗೆ ಬದಲಾಗಿ, ಆದ್ಯಂತವಾಗಿ ಒಂದೇ ಕೃತಿಯೆನಿಸುವ ದೊಡ್ಡ ತಟ್ಟೆಯನ್ನು ಮಾಡಿಕೊಂಡು ಬನ್ನಿರೆಂದು ಹೇಳಿ, ಬರವಣಿಗೆಯ ಕರಾರಿಗೆ ಕಾಯದೆ ಅವನು ಮುಂಗಡ ಹಣವನ್ನು ಕೊಟ್ಟನು. ಈ ಮೊತ್ತವು 4,000 ಪೌಂಡು ಎಂದು ಅವನೇ ಹೇಳಿರುವನು. ಆ ಹಣವು ಮುಳುಗಿತೆಂದೇ ಹಲವರು ಅವನಿಗೆ ಹೇಳಿದರಂತೆ.

ಮಂಡಲಿಯು ಊರಿಗೆ ಹೋಗಿ, ಡೈನಮಿಕ್ ಸೌಂಡ್ಸ್, ಹ್ಯಾರಿ ಜೆ, ರ‍್ಯಾಂಡೀಸ್ ಎಂಬ ಕಿಂಗ್‌ಸ್ಟನ್ನಿನ ಮೂರು ಶಾಲೆಗಳಲ್ಲಿ ಎಂಟು ಪಟ್ಟಿಗಳ ಟೇಪಿನ ಮೇಲೆ ಹಾಡುಗಳನ್ನು ಮುದ್ರಿಸಿತು. ಹಿಮ್ಮೇಳದಲ್ಲಿ ರೀಟಾ ಮಾರ್ಲಿ, ಮಾರ್ಷಿಯಾ ಗ್ರಿಫಿತ್ಸ್ ಎಂಬ ಗಾಯಕಿಯರು ದನಿಗೂಡಿಸಿದರು. ‘ಕಾಂಕ್ರೀಟ್ ಜಂಗಲ್’ ಎಂಬ ಹಾಡಿನಲ್ಲಿ ಬಾಸ್ ನುಡಿಸಿದವನು, ಆಸ್ಟನ್ ಬ್ಯಾರೆಟ್ಟನ ಬಳಿ ಪಳಗಿದ ರಾಬಿ ಷೇಕ್ಸ್‌ಪಿಯರ್ ಎಂಬ ತರುಣ. ಹೀಗೆ ಸಿದ್ಧವಾದ ಪಾಠದಲ್ಲಿ 11 ಹಾಡುಗಳುಂಟು.

ಈ ಹಾಡುಗಳೆಲ್ಲ ಆಗತಾನೆ ಹುಟ್ಟಿದವು ಎಂದು ತಿಳಿಯಬಾರದು. ‘ಸ್ಟರ್ ಇಟ್ ಅಪ್’ ಎಂಬುದನ್ನು ಮಂಡಲಿಯು 1967ರಲ್ಲಿಯೇ ತನ್ನ ಸ್ವಂತ ಮುದ್ರೆಯಡಿಯಲ್ಲಿ ಹಾಡಿತ್ತು. ಟಾಷನ ‘ಫೋರ್ ಹಂಡ್ರೆಡ್ ಇಯರ್ಸ್’ ಎಂಬುದು ಪೆರಿಯು 1970ರಲ್ಲಿ ಹೊರತಂದ ‘ಸೋಲ್ ರೆಬೆಲ್ಸ್’ ಎಂಬ ತಟ್ಟೆಯಲ್ಲಿದೆ. ಅವನದೇ ಆದ ‘ಸ್ಟಾಪ್ ದಟ್ ಟ್ರೇನ್’ ಎಂಬುದು ಲೆಸ್ಲಿ ಕಾಂಗನ ಮುದ್ರಣದ 1971ರ ತಟ್ಟೆಯಲ್ಲಿದೆ. ‘ಕಾಂಕ್ರೀಟ್ ಜಂಗಲ್’ ಎಂಬುದಕ್ಕೂ 1971ರ ಒಂದು ಪೂರ್ವರೂಪವುಂಟು. ಎಂದಮೇಲೆ, ಕಿಂಗ್‌ಸ್ಟನ್ ಪಾಠವೂ ಹಲವು ಹಾಡುಗಳ ಮಟ್ಟಿಗೆ ಎರಡನೆಯ ಅಥವಾ ಮೂರನೆಯ ಪರಿಷ್ಕರಣವೇ ಆಗಿದೆ.

ವಸ್ತುವಿನ ದೃಷ್ಟಿಯಿಂದ ನೋಡಿದರೆ ಈ ಸಂಕಲನದಲ್ಲಿ ಒಂದು ಸುಸಂಬದ್ಧತೆ ಕಾಣುವುದು. ‘ಕಾಂಕ್ರೀಟ್ ಜಂಗಲ್’ ಎಂಬುದು ಸಿಮೆಂಟಿನ ಕೇರಿಯಲ್ಲಿ ಸಿಕ್ಕಿಕೊಂಡವನ ಅಳಲು. ಕಾಲಿಗೆ ಸಂಕೋಲೆಯಿಲ್ಲದಿದ್ದರೂ ಬಿಡುಗಡೆಯಿಲ್ಲವೆಂಬುದು ಅದರ ಧ್ವನಿ. ‘ಸ್ಲೇವ್ ಡ್ರೈವರ್’ ಎಂಬುದು ದಾಸರನ್ನು ಚಾವಟಿಯಿಂದ ದುಡಿಸುತ್ತಿದ್ದ ಮೇಸ್ತ್ರಿಗೆ ಎದುರುನಿಂತು ಆಡಿದ ಮಾತು. ಹಳೆಯ ದಾಸ್ಯವು ಹೋಗಿ ಅಜ್ಞಾನದಾರಿದ್ರ್ಯಗಳ ಹೊಸ ದಾಸ್ಯವು ಬಂದಿತೆಂದು ಅದು ಸೂಚಿಸುವುದು. ಟಾಷನ ಹಾಡಿನ ನಾನೂರು ವರ್ಷಗಳನ್ನು ಪಂಚಾಂಗವನ್ನು ಹಿಡಿದು ಎಣಿಸಬೇಕಾಗಿಲ್ಲ. ದಾಸ್ಯದ ದೀರ್ಘಕಾಲವನ್ನು ಮನಸ್ಸಿಗೆ ನಾಟಿಸುವ ಸ್ಥೂಲಸಂಖ್ಯೆ ಅದು. ‘ಮಿಡ್‌ನೈಟ್ ರೇವರ್ಸ್’ ಎಂಬುದರಲ್ಲಿ ಬೈಬಲ್ಲಿನ ಪ್ರಳಯದರ್ಶನದ ಪ್ರತಿಮೆಗಳು ಕಿಂಗ್‌ಸ್ಟನ್ನಿನ ಇರುಳಿನೊಳಕ್ಕೆ ಇಳಿದು ಬಂದಿವೆ. ಇವುಗಳ ನಡುವೆ ‘ಸ್ಟರ್ ಇಟ್ ಅಪ್’, ‘ಕಿಂಕಿ ರೆಗೆ’ ಮೊದಲಾದ ಶೃಂಗಾರವಿನೋದಗಳ ಹಾಡುಗಳೂ ಸೇರಿರುವುದರಿಂದ ಇಡಿಯ ಕೃತಿಯು ಉಪದೇಶದ ಭಾರದಿಂದ ಬಾಗಿಲ್ಲ.

5. ಲಂಡನ್ ಪಾಠ

ಮಾರ್ಲಿಯು ಈ ಟೇಪುಗಳನ್ನು ಹೊತ್ತುಕೊಂಡು 1972ರಲ್ಲಿಯೇ ಲಂಡನ್ನಿಗೆ ಮರಳಿದನು. ಟಾಷನೂ ಬನಿಯೂ ಅವನ ಜೊತೆಯಲ್ಲಿ ಇರಲಿಲ್ಲ. ಬೇಸಿಂಗ್ ಸ್ಟ್ರೀಟಿನಲ್ಲಿದ್ದ ಐಲೆಂಡ್ ಸಂಸ್ಥೆಯ ಶಾಲೆಯಲ್ಲಿ ಬ್ಲ್ಯಾಕ್‌ವೆಲ್ಲನ ನಿರ್ದೇಶನದಂತೆ ತಿದ್ದುವ ಕೆಲಸವು ನಡೆಯಿತು. ರಾಕ್ ಎಂಬ ಸಂಗೀತವನ್ನು ಕೇಳುತ್ತಿದ್ದ ಇಂಗ್ಲೆಂಡ್ ಅಮೆರಿಕಗಳ ತರುಣರಿಗೆ ಇದನ್ನು ಒಗ್ಗಿಸುವುದು ಅವನ ಉದ್ದೇಶವಾಗಿತ್ತು. ಅದನ್ನು ಅವನು ಎಂದೂ ಮುಚ್ಚಿಡಲಿಲ್ಲ.

ಹೊಸದಾಗಿ ನುಡಿಸಿದವರಲ್ಲಿ ಮುಖ್ಯರು ಇಬ್ಬರು. ವೇನ್ ಪರ್ಕಿನ್ಸನು ಅಮೆರಿಕದ ಅಲಬಾಮಾ ಸಂಸ್ಥಾನದ ಮಸಲ್ ಷೋಲ್ಸ್ ಎಂಬಲ್ಲಿ ಪಳಗಿದ ಗಿಟಾರ್ ವಾದಕ. ಬೇರೊಂದು ಕೆಲಸಕ್ಕಾಗಿ ಅದೇ ಶಾಲೆಗೆ ಬಂದಿದ್ದವನು. ರೆಗೆಯ ಪರಿಚಯವಿಲ್ಲದ ತನಗೆ ಆವರ್ತದ ಮೊದಲನೆಯ ಪೆಟ್ಟು ಎಲ್ಲಿದೆಯೆಂಬುದೇ ಮೊದಲು ತಿಳಿಯಲಿಲ್ಲವೆಂದು ಅವನು ಮುಂದೆ ಹೇಳಿಕೊಂಡಿರುವನು. ಹಿಂದೆ ವಿವರಿಸಿದ ತಾಳಲಕ್ಷಣವನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಜಾನ್ ಬಂಡ್ರಿಕ್ಕನು ಟೆಕ್ಸಸ್ ಸಂಸ್ಥಾನದವನು, ಕೀಬೋರ್ಡು ವಾದಕ, ಜಾನಿ ನ್ಯಾಷನೊಡನೆ ಕೆಲಸಮಾಡಿದ್ದವನಾದುದರಿಂದ ಮಾರ್ಲಿಗೆ ಪರಿಚಿತನು.

ಎರಡು ಪಾಠಗಳನ್ನು ಎದುರೆದುರಾಗಿಟ್ಟು ಕೇಳಿದವರಿಗೆ ಕಾಣುವ ಭೇದಗಳನ್ನು ಹೀಗೆ ವಿಂಗಡಿಸಬಹುದು.

ಮೊದಲನೆಯದು ಆಗಮ. ‘ಕಾಂಕ್ರೀಟ್ ಜಂಗಲ್’, ‘ಸ್ಟರ್ ಇಟ್ ಅಪ್’, ‘ಬೇಬಿ ವೀವ್ ಗಾಟ್ ಎ ಡೇಟ್’ ಎಂಬ ಮೂರು ಹಾಡುಗಳಲ್ಲಿ ಪರ್ಕಿನ್ಸನ ಗಿಟಾರು ಕೂಡಿತು. ಪಾಶ್ಚಾತ್ಯ ರಸಿಕರು ಇಂದಿಗೂ ಕೊಂಡಾಡುವ ‘ಕಾಂಕ್ರೀಟ್ ಜಂಗಲ್’ ಹಾಡಿನ ಗಿಟಾರ್ ವಿಸ್ತಾರವು ಕಿಂಗ್‌ಸ್ಟನ್ ಪಾಠದಲ್ಲಿ ಇಲ್ಲವೇ ಇಲ್ಲ. ಬಂಡ್ರಿಕ್ಕನ ಕೀಬೋರ್ಡುಗಳು ಹಲವು ಹಾಡುಗಳ ಅಂಚುಗಳನ್ನು ನಯಗೊಳಿಸಿದುವು. ಎರಡನೆಯದು ವಿಸ್ತಾರ. ಕಿಂಗ್‌ಸ್ಟನ್ನಿನಲ್ಲಿ ಸುಮಾರು ಮೂರೂವರೆ ನಿಮಿಷವಿದ್ದ ‘ಸ್ಟರ್ ಇಟ್ ಅಪ್’ ಲಂಡನ್ನಿನಲ್ಲಿ ಸುಮಾರು ಐದೂವರೆ ನಿಮಿಷವಾಯಿತು. ಮೂರನೆಯದು ಲೋಪ. ‘ಹೈ ಟೈಡ್ ಆರ್ ಲೋ ಟೈಡ್’, ‘ಆಲ್ ಡೇ ಆಲ್ ನೈಟ್’ ಎಂಬ ಎರಡು ಹಾಡುಗಳನ್ನು ಕೈಬಿಟ್ಟುದರಿಂದ 11 ಹಾಡುಗಳು 9 ಆದುವು. ನಾಲ್ಕನೆಯದು ತಾರತಮ್ಯ. ಕಿಂಗ್‌ಸ್ಟನ್ ಪಾಠದಲ್ಲಿ ಬಾಸ್ ಮುಂದೆ ನಿಂತಿದೆ. ಲಂಡನ್ ಪಾಠದಲ್ಲಿ ಅದು ಕೊಂಚ ತಗ್ಗಿ, ಗಿಟಾರು ಮತ್ತು ಕೀಬೋರ್ಡುಗಳು ಬೆಳಕಿಗೆ ಬಂದಿವೆ.

ಇಷ್ಟೆಲ್ಲ ಆದರೂ ಹಾಡುಗಳ ಅಸ್ಥಿಭಾರವು ಕಿಂಗ್‌ಸ್ಟನ್ನಿನದೇ. ಬ್ಯಾರೆಟ್ ಸೋದರರ ರಿದಿಮ್, ಮೂರು ಕಂಠಗಳ ಮೇಳ ಇವು ಎರಡೂ ಪಾಠಗಳಿಗೆ ಸಮಾನವಾದುವು. ತಿದ್ದಿದವನು ಗೋಡೆಗೆ ಬಣ್ಣವನ್ನು ಬಳಿದನು, ಕಿಟಕಿಗಳನ್ನು ತೆಗೆದನು, ತಳಪಾಯವನ್ನು ಮುಟ್ಟಲಿಲ್ಲ.

6. ಎರಡು ಪೂರ್ವಪಕ್ಷಗಳು

ಇನ್ನು ಪ್ರಾಮಾಣ್ಯದ ವಿಚಾರ. ಇದರಲ್ಲಿ ಎರಡು ಪಕ್ಷಗಳು ರೂಢಿಯಲ್ಲಿವೆ.

ಕಿಂಗ್‌ಸ್ಟನ್ ಪಾಠವೊಂದೇ ಶುದ್ಧ. ಲಂಡನ್ ಪಾಠವು ವ್ಯಾಪಾರದ ಆಸೆಯಿಂದ ಕೆಡಿಸಿದ ಪಾಠ ಎಂಬುದು ಒಂದು ಪಕ್ಷ. ಇದನ್ನು ಒಪ್ಪುವುದಕ್ಕೆ ಎರಡು ಅಡ್ಡಿಗಳುಂಟು. ತಿದ್ದುವ ಕೆಲಸವು ಮಾರ್ಲಿಯ ಕಣ್ಣೆದುರಿನಲ್ಲಿ ಅವನ ಸಮ್ಮತಿಯಿಂದಲೇ ನಡೆಯಿತೆಂಬುದು ಮೊದಲನೆಯದು. ಜಮೈಕಾದ ಸಂಗೀತಸಂಪ್ರದಾಯದಲ್ಲಿಯೇ ‘ಶುದ್ಧಮೂಲ’ ಎಂಬ ಭಾವನೆಗೆ ಹೆಚ್ಚಿನ ಬೆಲೆಯಿಲ್ಲವೆಂಬುದು ಎರಡನೆಯದು. ಒಬ್ಬನ ರಿದಿಮ್ಮಿನ ಮೇಲೆ ಇನ್ನೊಬ್ಬನು ಹಾಡುವುದು, ಹಾಡಿದುದರಿಂದ ಕಂಠವನ್ನು ತೆಗೆದು ವಾದ್ಯವನ್ನು ಮಾತ್ರ ತಟ್ಟೆಯ ಮರುಮಗ್ಗುಲಿಗೆ ಹಾಕುವುದು, ಅದನ್ನು ‘ವರ್ಷನ್’ ಎಂದು ಕರೆಯುವುದು, ಇವೆಲ್ಲ ಅಲ್ಲಿ ನಿತ್ಯದ ವ್ಯವಹಾರ. ವೇಲರ್ಸ್ ಹಾಡಿದ ‘ಸೋಲ್ ರೆವಲ್ಯೂಷನ್’ ಎಂಬ 1971ರ ತಟ್ಟೆಯಿಂದ ಗಾಯನವನ್ನು ತೆಗೆದುಹಾಕಿ ವಾದ್ಯಭಾಗವನ್ನೇ ಬೇರೊಂದು ತಟ್ಟೆಯಾಗಿ ಪೆರಿಯು ಹೊರತಂದಿದ್ದನು. ಕಿಂಗ್ ಟಬಿ ಎಂಬ ಧ್ವನಿಶಿಲ್ಪಿಯು ಮುದ್ರಿತವಾದ ಹಾಡನ್ನು ಬಿಡಿಸಿ ಮತ್ತೆ ಕಟ್ಟುವುದನ್ನೇ ‘ಡಬ್’ ಎಂಬ ಸ್ವತಂತ್ರ ಕಲೆಯನ್ನಾಗಿ ಬೆಳೆಸಿದನು. ಇಂಥ ಸಂಪ್ರದಾಯದ ನಡುವೆ ಹುಟ್ಟಿದ ಕೃತಿಗೆ ಯಾರೂ ಕೈಯಿಡಬಾರದೆಂಬ ನಿಯಮವನ್ನು ಹೊರಗಿನಿಂದ ತಂದು ಹೊರಿಸುವುದು ನ್ಯಾಯವಲ್ಲ.

ಕರ್ತೃವಿನ ಸಮ್ಮತಿ ಇದ್ದುದರಿಂದ ಲಂಡನ್ ಪಾಠವೇ ಅಂತಿಮ. ಕಿಂಗ್‌ಸ್ಟನ್ನಿನದು ಕೇವಲ ಕರಡು ಎಂಬುದು ಇನ್ನೊಂದು ಪಕ್ಷ. ಇದು ಮೇಲುನೋಟಕ್ಕೆ ಬಲವಾಗಿ ಕಾಣುವುದು. ಆದರೆ ‘ಕರ್ತೃ’ ಎಂಬ ಏಕವಚನವನ್ನು ಸಾಧಿಸದೆಯೇ ಇದು ಊಹಿಸಿಕೊಂಡಿರುವುದು. ಒಂಬತ್ತು ಹಾಡುಗಳಲ್ಲಿ ‘ಫೋರ್ ಹಂಡ್ರೆಡ್ ಇಯರ್ಸ್’, ‘ಸ್ಟಾಪ್ ದಟ್ ಟ್ರೇನ್’ ಎಂಬ ಎರಡು ಟಾಷನವು. ಅವನೇ ಕಟ್ಟಿ ಅವನೇ ಹಾಡಿದವು. ಮೇಳಗಾನದ ಒಂದು ದನಿ ಬನಿಯದು. ರಿದಿಮ್ ಬ್ಯಾರೆಟ್ ಸೋದರರದು. ಐವರು ಕೂಡಿ ಮಾಡಿದುದರ ತಿದ್ದುಪಡಿಗೆ ಒಬ್ಬನ ಸಮ್ಮತಿಯು ಐವರ ಸಮ್ಮತಿಯಾಗಲಾರದು. ಮೇಲಾಗಿ, 2001ರಲ್ಲಿ ಹೊರಬಿದ್ದ ಪಾಠವನ್ನು ಕೇಳಿದವರಿಗೆ ಅದು ಕರಡೆಂದು ತೋರುವುದಿಲ್ಲ. ಆಗಮಗಳನ್ನು ಕಳೆದರೂ ಹಾಡಿನಲ್ಲಿ ಎಲ್ಲಿಯೂ ಬಿರುಕು ಕಾಣದೆ ಅನ್ವಯವು ಸರಾಗವಾಗಿ ಸಾಗುವುದು. ಸೇರಿಸಿದುದನ್ನು ತೆಗೆದಾಗ ಉಳಿದುದು ತಾನಾಗಿ ಹೊಂದಿಕೊಂಡರೆ ಅದು ಪೂರ್ಣಪಾಠವೆಂಬುದು ಸಂಪಾದಕರಿಗೆ ತಿಳಿದ ಒರೆಗಲ್ಲು.

ಆದುದರಿಂದ ಎರಡನ್ನೂ ಒಂದೇ ಕೃತಿಯ ಎರಡು ಸಮರ್ಥ ಪರಿಷ್ಕರಣಗಳೆಂದು ಗ್ರಹಿಸುವುದು ಯುಕ್ತವಾಗಿ ತೋರುತ್ತದೆ. ಒಂದು ತನ್ನ ಊರಿನ ಕಿವಿಗಾಗಿ ಹುಟ್ಟಿದುದು. ಇನ್ನೊಂದು ಪರದೇಶದ ಕಿವಿಗಾಗಿ ಅಣಿಗೊಂಡುದು. ಲಂಡನ್ ಪಾಠದ ಗಿಟಾರನ್ನು ದೋಷವೆಂದು ಎಣಿಸಬೇಕಾಗಿಲ್ಲ. ಅದು ಹಾಡಿನ ಮೇಲೆ ಪರದೇಶದ ಒಬ್ಬ ನಿಪುಣನು ಬರೆದ ವ್ಯಾಖ್ಯಾನ. ವ್ಯಾಖ್ಯಾನವನ್ನೇ ಮೂಲವೆಂದು ಭ್ರಮಿಸದಿದ್ದರಾಯಿತು.

7. ಹೊದಿಕೆಯ ಮೇಲಣ ಪ್ರಕ್ಷೇಪ

ಹಾಗಾದರೆ ಈ ಕೃತಿಯಲ್ಲಿ ಪ್ರಕ್ಷೇಪವೇ ಇಲ್ಲವೆ? ಉಂಟು, ಆದರೆ ಅದು ಧ್ವನಿಯೊಳಗೆ ಇಲ್ಲ, ತಟ್ಟೆಯ ಹೊದಿಕೆಯ ಮೇಲೆ ಇದೆ.

‘ಕ್ಯಾಚ್ ಎ ಫೈರ್’ ಎಂಬ ಹೆಸರು ‘ಸ್ಲೇವ್ ಡ್ರೈವರ್’ ಹಾಡಿನಿಂದ ಎತ್ತಿಕೊಂಡುದು. ಅಲ್ಲಿ ಅದು ದಾಸರ ಮೇಸ್ತ್ರಿಗೆ ಬೆಂಕಿ ತಗಲುವ ಮಾತು. ಕರ್ಮಫಲವು ಮಾಡಿದವನ ಮೇಲೆಯೇ ತಿರುಗಿಬೀಳುವುದೆಂಬ ಶಾಪ. 1973ರ ಮೊದಲ ಹೊದಿಕೆಯನ್ನು ರಾಡ್ ಡಯರ್ ಮತ್ತು ಬಾಬ್ ವೀನರ್ ಎಂಬ ಚಿತ್ರಕಾರರು ಸಿಗರೇಟು ಹೊತ್ತಿಸುವ ಜಿಪ್ಪೋ ಲೈಟರಿನ ಆಕಾರದಲ್ಲಿ ರಚಿಸಿದರು. ಮುಚ್ಚಳವನ್ನು ಎತ್ತಿದರೆ ಒಳಗೆ ಜ್ವಾಲೆಯ ಚಿತ್ರವು ಕಾಣುವುದು. ಇದಕ್ಕೆ ಖರ್ಚು ಹೆಚ್ಚಾದುದರಿಂದ ಮೊದಲ 20,000 ಪ್ರತಿಗಳ ಮೇಲೆ ಇದನ್ನು ಮುಂದುವರಿಸಲಿಲ್ಲ. 1974ರಲ್ಲಿ ಬಂದ ಎರಡನೆಯ ಹೊದಿಕೆಯ ಮೇಲೆ ಎಸ್ತರ್ ಆಂಡರ್ಸನ್ ತೆಗೆದ ಛಾಯಾಚಿತ್ರವಿದೆ: ಮಾರ್ಲಿಯೊಬ್ಬನೇ ದಪ್ಪನೆಯ ಗಾಂಜಾ ಸುರುಳಿಯನ್ನು ಸೇದುತ್ತಿರುವುದು. ಹೀಗೆ ಒಡೆಯನ ಮೇಲೆ ಬೀಳಬೇಕಾಗಿದ್ದ ಬೆಂಕಿಯು ಮೊದಲು ಲೈಟರಿಗೂ ಅನಂತರ ಸೇದುವವನ ಬೆರಳಿಗೂ ಇಳಿಯಿತು. ಶೀರ್ಷಿಕೆಯ ಅಕ್ಷರವೊಂದೂ ಬದಲಾಗಲಿಲ್ಲ. ಅರ್ಥವು ಮಾತ್ರ ಬೇರೆಯಾಯಿತು.

ಇದಕ್ಕಿಂತಲೂ ಗಹನವಾದ ಸಂಗತಿ ಇನ್ನೊಂದಿದೆ. ಮೊದಲ ಹೊದಿಕೆಯ ಮೇಲಿದ್ದ ಕರ್ತೃನಾಮ ‘ದಿ ವೇಲರ್ಸ್’. ಎರಡನೆಯದರ ಮೇಲಿದ್ದುದು ‘ಬಾಬ್ ಮಾರ್ಲಿ ಅಂಡ್ ದಿ ವೇಲರ್ಸ್’. ಹಾಡುಗಳು ಅವೇ, ಕಂಠಗಳು ಅವೇ. ಸಮಾನರ ಮಂಡಲಿಯು ಒಬ್ಬ ನಾಯಕ ಮತ್ತು ಅವನ ಪರಿವಾರವಾಗಿ ಮಾರ್ಪಟ್ಟಿತು. ಗ್ರಂಥದೊಳಗೆ ಒಂದು ಪದ್ಯವು ಹೊಸದಾಗಿ ಸೇರಿದರೆ ಪದ್ಯವೊಂದಕ್ಕೆ ಮಾತ್ರ ಸಂದೇಹವು ತಗಲುವುದು. ಅಂಕಿತವು ತಿದ್ದಿಹೋದರೆ ಇಡಿಯ ಗ್ರಂಥವನ್ನು ಓದುವ ಬಗೆಯೇ ಕೆಡುವುದು. ಇಂದು ಈ ತಟ್ಟೆಯನ್ನು ಕೇಳುವವನು ಟಾಷನ ಎರಡು ಹಾಡುಗಳು ಬಂದಾಗ ಯಾರೋ ಅತಿಥಿಯು ಹಾಡುತ್ತಿರುವನೆಂದು ಭ್ರಮಿಸುವುದು ಈ ಪ್ರಕ್ಷೇಪದ ಫಲವೇ.

ಬದುಕಿನಲ್ಲಿಯೂ ಇದರ ಫಲವು ತೋರಿತು. 1973ರ ಇಂಗ್ಲೆಂಡಿನ ಪ್ರವಾಸವಾದಮೇಲೆ ಬನಿಯು ಹೊರನಾಡಿನ ತಿರುಗಾಟವನ್ನು ಒಲ್ಲೆನೆಂದು ಬಿಟ್ಟನು; ಅಮೆರಿಕದ ಪ್ರವಾಸಕ್ಕೆ ಅವನ ಬದಲು ಹೋದವನು ಅವರ ಹಳೆಯ ಗುರು ಜೋ ಹಿಗ್ಸನೇ. ‘ಬರ್ನಿನ್’ ಎಂಬ ಮುಂದಣ ತಟ್ಟೆಯು ಅದೇ ವರ್ಷ ಹೊರಬಂದ ಬಳಿಕ ಟಾಷನೂ ಬೇರೆಯಾದನು. ಬ್ಯಾರೆಟ್ ಸೋದರರು ಮಾರ್ಲಿಯೊಡನೆ ಕೊನೆಯವರೆಗೂ ನಿಂತರು. ಮಾರ್ಲಿಯು 1981ರಲ್ಲಿ ರೋಗದಿಂದ ತೀರಿಕೊಂಡನು. 1987ರ ಏಪ್ರಿಲಿನಲ್ಲಿ ಕಾರ್ಲ್‌ಟನ್ ಬ್ಯಾರೆಟ್ಟನೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟಾಷನೂ ಕಿಂಗ್‌ಸ್ಟನ್ನಿನಲ್ಲಿ ಗುಂಡಿಗೆ ಬಲಿಯಾದರು. ಉಳಿದ ಅಣ್ಣ ಆಸ್ಟನ್ ಬ್ಯಾರೆಟ್ಟನು ಮಾರ್ಲಿಯ ಜೊತೆಗಿನ ಕೃತಿಗಳಲ್ಲಿ ತನಗೂ ತಮ್ಮನಿಗೂ ಸಲ್ಲಬೇಕಾದ ಗೌರವಧನವು ಸಂದಿಲ್ಲವೆಂದು ಐಲೆಂಡ್ ಸಂಸ್ಥೆಯ ಮೇಲೂ ಮಾರ್ಲಿಯ ಕುಟುಂಬದ ಮೇಲೂ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಕೇಳಿದ ಮೊತ್ತ 6 ಕೋಟಿ ಪೌಂಡು. 2006ರಲ್ಲಿ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. 1994ರಲ್ಲಿಯೇ ಆಗಿದ್ದ ರಾಜಿಯ ಕರಾರು ಅವನ ಕೈಯನ್ನು ಕಟ್ಟಿತ್ತು. ಕಾಯಿದೆಯ ದೃಷ್ಟಿಯಿಂದ ತೀರ್ಪು ತೀರ್ಪೇ. ಆದರೆ ಪದ, ಮಟ್ಟು ಎಂಬ ಎರಡು ಅಂಗಗಳ ಲಕ್ಷಣವನ್ನು ಮೂರು ಅಂಗಗಳ ಕಲೆಗೆ ಹಚ್ಚಿದಾಗ ಏನಾಗುವುದೆಂಬುದಕ್ಕೆ ಈ ಬಾಳು ಸಾಕ್ಷಿಯಾಗಿ ನಿಂತಿದೆ. ಬನಿಯು 2021ರಲ್ಲಿಯೂ ಆಸ್ಟನ್ನನು 2024ರಲ್ಲಿಯೂ ಕಾಲವಶರಾದರು. ಐವರಲ್ಲಿ ಈಗ ಯಾರೂ ಉಳಿದಿಲ್ಲ. ಇನ್ನು ಮುಂದೆ ಸಾಕ್ಷ್ಯವನ್ನು ಹೇಳಬೇಕಾದವು ಅವರ ಪಾಠಗಳೇ.

8. ಉಪಸಂಹಾರ

ಪ್ರಕಟವಾದಾಗ ಈ ತಟ್ಟೆಗೆ ದೊರೆತ ಗಿರಾಕಿಗಳು ಕಡಮೆ. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಪಟ್ಟಿಯಲ್ಲಿ ಇದು ಏರಿದ ಮೇಲುಮಟ್ಟ 171ನೆಯ ಸ್ಥಾನ. ಇಂದು ಅದೇ ಕೃತಿಯು ಆ ಸಂಗೀತದ ಆಕರಗ್ರಂಥದಂತೆ ಮನ್ನಣೆಯನ್ನು ಪಡೆದಿದೆ. ಲಂಡನ್ನಿನ ತಿದ್ದುಪಡಿ ಇಲ್ಲದಿದ್ದರೆ ಈ ಕೃತಿಯು ಪರದೇಶಗಳ ಕಿವಿಗೆ ಇಷ್ಟು ಬೇಗ ತಲುಪುತ್ತಿತ್ತೆಂದು ಹೇಳುವುದು ಕಷ್ಟ. ಕಿಂಗ್‌ಸ್ಟನ್ನಿನ ತಳಪಾಯವಿಲ್ಲದಿದ್ದರೆ ತಲುಪಿಸುವುದಕ್ಕೆ ಏನೂ ಇರುತ್ತಿರಲಿಲ್ಲ.

ಮೇಲಣ ವಿಚಾರದಿಂದ ಮೂರು ಅಂಶಗಳು ಸಿದ್ಧಿಸುವುವು. ಧ್ವನಿಮುದ್ರಿಕೆಯೂ ಪಾಠಾಂತರಗಳುಳ್ಳ ಕೃತಿಯೇ. ಅದನ್ನು ಕೇಳಿಸುವ ಉಪಾಧ್ಯಾಯರು ಇದು ಯಾವ ಪಾಠವೆಂದು ಮೊದಲು ಹೇಳಬೇಕು. ಪಾಠಗಳಲ್ಲಿ ಒಂದನ್ನು ಶುದ್ಧವೆಂದೂ ಇನ್ನೊಂದನ್ನು ಭ್ರಷ್ಟವೆಂದೂ ನಿರ್ಣಯಿಸುವ ಮೊದಲು, ಆ ಕೃತಿಯು ಹುಟ್ಟಿದ ಸಂಪ್ರದಾಯವು ತಿದ್ದುವಿಕೆಯನ್ನು ಹೇಗೆ ಭಾವಿಸಿತ್ತೆಂಬುದನ್ನು ಅರಿಯಬೇಕು. ಕೊನೆಯದಾಗಿ, ಪಾಠವನ್ನು ಎಷ್ಟು ಸೂಕ್ಷ್ಮವಾಗಿ ಶೋಧಿಸುವೆವೋ ಅಷ್ಟೇ ಸೂಕ್ಷ್ಮವಾಗಿ ಮೇಲುಹೊದಿಕೆಯ ಅಂಕಿತವನ್ನೂ ಶೋಧಿಸಬೇಕು. ಈ ಕೃತಿಯ ಮಟ್ಟಿಗೆ ಹೇಳುವುದಾದರೆ, ಗಿಟಾರನ್ನು ಅಳಿಸಬೇಕಾದ ಅಗತ್ಯವಿಲ್ಲ. ಅಳಿಸಿಹೋದ ಹೆಸರುಗಳನ್ನು ಮತ್ತೆ ಬರೆಯುವುದೇ ಸಂಪಾದಕನ ಮೊದಲ ಕರ್ತವ್ಯ. ಮಾರ್ಲಿ, ಟಾಷ್, ಲಿವಿಂಗ್‌ಸ್ಟನ್, ಬ್ಯಾರೆಟ್ ಸೋದರರಿಬ್ಬರು: ಕೃತಿಯು ಇವರೈವರದು.